ಎಲ್ಮ್‌ಸ್ಟಾದ್ ಶಾಸನ

ಮೊದಲೇ ಹೇಳಿಬಿಡುತ್ತೇನೆ, ಸುಳ್ಳು ಹೇಳುವುದು ನನ್ನ ಜಾಯಮಾನವಲ್ಲ. ಆದರೆ ಐದು ಮಕ್ಕಳಿರಬೇಕಾದ ತರಗತಿಯಲ್ಲಿ ನಾಲ್ಕೇ ಇದ್ದರೆ ಎಂಥ ಸತ್ಯವಂತರ ನಾಲಿಗೆಯೂ ಒಮ್ಮೆ ತಡವರಿಸುತ್ತದೆ.

ನಾನು ಕೋಕಿಲಾ. ಸ್ವೀಡನ್ನಿನ ಲಿಂಕೋಪಿಂಗ್ ಹತ್ತಿರದ ಒಂದು ಕಮ್ಯೂನಿನಲ್ಲಿ, ಅಂದರೆ ನಮ್ಮ ಕಡೆಯ ಪುರಸಭೆಯಂಥದ್ದರಲ್ಲಿ, ಕನ್ನಡದ ಶಾಲೆ ಮಕ್ಕಳಿಗೆ ಮಾತೃಭಾಷೆ ಕಲಿಸುವ ಟೀಚರ್. ಐದು ಮಕ್ಕಳಿದ್ದರೆ ತರಗತಿ, ಇಲ್ಲದಿದ್ದರೆ ಇಲ್ಲ, ಅದು ನಿಯಮ. ಧ್ರುವ್‌ನ ಅಪ್ಪನಿಗೆ ಎಸ್ಕಿಲ್‌ಸ್ಟುನಾದಲ್ಲಿ ಕೆಲಸ ಸಿಕ್ಕಿ ಅವರು ಗಂಟುಮೂಟೆ ಕಟ್ಟಿದ ಮೇಲೆ ನನಗೆ ಉಳಿದವರು ವಿಹಾನ್, ಅಹನಾ, ಆದಿ ಮತ್ತು ಇರಾ. ಒಂಬತ್ತು ವರ್ಷದ ಈ ಇರಾ ಇದ್ದಾಳಲ್ಲ, ಒತ್ತಕ್ಷರ ಕಂಡ ತಕ್ಷಣ ಪುಸ್ತಕ ಮುಚ್ಚಿ ಕಿಟಕಿ ನೋಡುತ್ತಾ ಕೂರುವವಳು. ಎರಡು ವರ್ಷದಲ್ಲಿ ಒಂದು ಪೂರ್ತಿ ಸಾಲನ್ನು ಅವಳ ಬಾಯಿಂದ ನಾನು ಕೇಳಿಲ್ಲ. ಕನ್ನಡದಲ್ಲಿ ಕೇಳಿದರೆ ಸ್ವೀಡಿಷಿನಲ್ಲಿ ಉತ್ತರ ಕೊಡುತ್ತಾಳೆ, ಅದೂ ಮನಸ್ಸಿದ್ದರೆ.

ಕಮ್ಯೂನಿನಲ್ಲಿ ನಮ್ಮ ತರಗತಿಗಳನ್ನು ನೋಡಿಕೊಳ್ಳುವ ಗುನಿಲ್ಲಾ ಏಪ್ರಿಲ್‌ನಲ್ಲಿ ನನ್ನನ್ನು ಫೀಕಾಗೆ ಕರೆದಳು. ಇಲ್ಲಿನವರು ಕೆಟ್ಟ ಸುದ್ದಿಯನ್ನು ಕಾಫಿ, ಬನ್ನಿನ ಜೊತೆಗೇ ಕೊಡುವುದು. ಜೂನ್ ಕೊನೆಗೆ ತರಗತಿ ಮುಚ್ಚುತ್ತೇವೆ, ತುಂಬಾ ಬೇಸರವಾಗುತ್ತಿದೆ ಎಂದಳು. ನನಗೂ ಬೇಸರವಾಯಿತು, ಆಮೇಲೆ ಸಿಟ್ಟು ಬಂತು. ಬನ್ ಮಾತ್ರ ಪೂರ್ತಿ ತಿಂದೆ.

ಮರುವಾರವೇ ಎಲ್ಮ್‌ಸ್ಟಾದ್‌ನಿಂದ ಕಮ್ಯೂನಿಗೆ ಫೋನ್ ಬಂತು. ಎಲ್ಮ್‌ಸ್ಟಾದ್ ಎಂದರೆ ಕೆರೆದಂಡೆಯ ಪುಟ್ಟ ಊರು. ಕಲ್ಲುಹಾಸಿನ ಒಂದು ಬೀದಿ, ಕೆಂಪು ಮರದ ಮನೆಗಳು, ಕೊನೆಯಲ್ಲಿ ಏಳುನೂರು ವರ್ಷದ ಕೋಟೆ. ಅಲ್ಲಿನ ಗೋಡೆಯ ಬಳ್ಳಿ ಕತ್ತರಿಸಿದಾಗ ಹಿಂದೆ ಏನೋ ಕೆತ್ತನೆ ಕಂಡಿತಂತೆ. ಸುಹಾಸ್ ಎಂಬ ಮೈಸೂರಿನ ವಿದ್ಯಾರ್ಥಿಯೊಬ್ಬನಿಗೆ ಫೋಟೊ ತೋರಿಸಿದರೆ, "ಲಿಪಿ ನಮ್ದೇ, ಕನ್ನಡ. ಆದ್ರೆ ನಂಗೆ ಓದಕ್ಕೆ ಬರಲ್ಲ, ಇಂಗ್ಲಿಷ್ ಮೀಡಿಯಂ" ಎಂದು ಕೈ ತೊಳೆದುಕೊಂಡನಂತೆ. ಕೋಟೆಯವರು ಕಮ್ಯೂನನ್ನು ಕೇಳಿದರು, ಗುನಿಲ್ಲಾ ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟಳು.

ಗೋಡೆಯ ಮುಂದೆ ಬಿಳಿ ಕೈಗವಸು ತೊಟ್ಟ ಪ್ರೊಫೆಸರ್ ಸ್ಟೂರೆ ನಿಂತಿದ್ದರು. ಇದು ಹದಿನಾಲ್ಕನೇ ಶತಮಾನದ್ದು ಎಂದರು. ಹೇಗೆ ಗೊತ್ತು ಎಂದೆ. ಪಕ್ಕದ ಫಲಕ ತೋರಿಸಿದರು. ಗೋಡೆಯ ಮೇಲೆ ಬರೆಯುವುದನ್ನು ಕೋಟೆ ಕಟ್ಟಿದ ಶತಮಾನದಲ್ಲೇ ನಿಷೇಧಿಸಲಾಗಿದೆ ಎಂದಿತ್ತು. ಆದ್ದರಿಂದ ಬರಹ ನಿಷೇಧಕ್ಕಿಂತ ಮುಂಚಿನದೇ ಇರಬೇಕು ಎಂದರು. ಗುನಿಲ್ಲಾ ತಲೆಯಾಡಿಸಿದಳು. ನಿಷೇಧವಾದ ಮೇಲೂ ಯಾರಾದರೂ ಬರೆದಾರು ಎಂಬ ಯೋಚನೆ ಅವರಿಬ್ಬರ ಹತ್ತಿರವೂ ಸುಳಿಯಲಿಲ್ಲ.

ನಾನು ಬಗ್ಗಿ ನೋಡಿದೆ. ಸುಣ್ಣದ ಗೋಡೆಯಲ್ಲಿ ಗೀರಿದ ಒಂದೇ ಸಾಲು: "ಇಲ್ಲಿ ಮೂತ್ರ ವಿಸರ್ಜನೆ ಮಾಡಬಾರದು." ಕೆಳಗೆ "ವೆಂ" ಎಂದು ಬರೆದು ಎರಡು ಅಡ್ಡಗೆರೆ ಎಳೆದಿತ್ತು.

ಇದು ನಮ್ಮ ಫ್ರಿಜ್ಜಿನ ಮೇಲೆ ಅಂಟಿಸಿದ ದಿನಸಿ ಚೀಟಿಯಲ್ಲಿ ದಿನಾ ನೋಡುವ ಅಕ್ಷರ. ನನ್ನ ಮಾವ ವೆಂಕಟರಮಣ ಅವರದು. ಮೂವತ್ತೊಂದು ವರ್ಷ ಪುರಸಭೆಯಲ್ಲಿ ಹೆಲ್ತ್ ಇನ್ಸ್‌ಪೆಕ್ಟರ್ ಆಗಿ, ಊರಿನ ಒಂದು ಗೋಡೆಯನ್ನೂ ಬಿಡದೆ ಈ ಸಾಲು ಬರೆಸಿದವರು. ಹೋದ ಬೇಸಿಗೆಯಲ್ಲಿ ನಮ್ಮ ಮನೆಗೆ ಬಂದಿದ್ದಾಗ ಕೋಟೆ ತೋರಿಸಲು ಕರೆದುಕೊಂಡು ಬಂದವಳೂ ನಾನೇ.

"ಏನಂತಿದೆ?" ಎಂದಳು ಗುನಿಲ್ಲಾ. ಆಮೇಲೆ ದನಿ ತಗ್ಗಿಸಿ ಇನ್ನೊಂದು ಮಾತು ಸೇರಿಸಿದಳು. "ಕೋಕಿಲಾ, ಇದು ನಿಜವಾಗಿ ಅಷ್ಟು ಹಳೆಯದಾದರೆ ನಿನ್ನ ಭಾಷೆ ನಮ್ಮ ಪರಂಪರೆಯ ಭಾಗ. ಆಗ ನಾಲ್ಕು ಮಕ್ಕಳಿದ್ದರೂ ತರಗತಿ ನಡೆಸಬಹುದು. ವಿಶೇಷ ಕಾರಣ ಅಂತ ಬರೆಯುತ್ತೇನೆ."

ನೋಡಿ, ನಾನು ಪೂರ್ತಿ ಸುಳ್ಳು ಹೇಳಲಿಲ್ಲ. "ಈ ಸ್ಥಳದ ಶುದ್ಧಿ ಕಾಪಾಡಿ ಅಂತ ಯಾತ್ರಿಕರಲ್ಲಿ ಒಂದು ಬೇಡಿಕೆ," ಎಂದೆ. ಪ್ರೊಫೆಸರ್ ಕಣ್ಣೊರೆಸಿಕೊಂಡರು.

ಮಾವ ಈ ವರ್ಷವೂ ಬಂದಿದ್ದರು, ಮನೆಯಲ್ಲೇ ಕೂತು ಅವರೆಕಾಳು ಸುಲಿಯುತ್ತಿದ್ದರು. ನೇರ ಹೋಗಿ ಎದುರಿಗೆ ನಿಂತೆ.

"ಮಾವ, ಹೋದ್ವರ್ಷ ಕೋಟೆ ಹತ್ರ ಏನ್ ಮಾಡಿದ್ರಿ?"

"ಇಬ್ರು ಹುಡುಗ್ರು ಕುಡ್ಕೊಂಡ್ ಬಂದು ಗೋಡೆಗೆ ನಿಂತಿದ್ರು ಕಣಮ್ಮ. ಅಷ್ಟು ಹಳೇ ಗೋಡೆ. ನೋಡ್ಕೊಂಡ್ ಸುಮ್ನಿರಕ್ಕಾಗತ್ತಾ? ಅಲ್ಲಿ ಮಾಡ್ಬೇಡಿ ಅಂತ ಒಂದ್ ಬೋರ್ಡೂ ಇರ್ಲಿಲ್ಲ. ಮನೆ ಬೀಗದ ಕೈಲಿ ಗೀರಿ ಹಾಕ್ದೆ."

"ಕನ್ನಡದಲ್ಲಿ?"

"ಮತ್ತಿನ್ಯಾವುದ್ರಲ್ಲಿ? ನಂಗೇನು ಸ್ವೀಡಿಷ್ ಬರತ್ತಾ?"

"ಇಲ್ಲಿಯವ್ರು ಅದನ್ನ ಓದ್ತಾರಾ ಮಾವ?"

"ನಮ್ಮೂರವ್ರು ಓದ್ತಿದ್ರಾ?"

ಯಾರ ಮುಂದೆಯೂ ಬಾಯಿ ಬಿಡಬೇಡಿ ಎಂದು ಕೈ ಮುಗಿದೆ. ನನ್ನ ಗಂಡ ಶ್ರೀನಾಥ ಮಾತ್ರ ಒಳಗಿನ ಕೋಣೆಗೆ ಹೋಗಿ ದಿಂಬಿಗೆ ಮುಖ ಒತ್ತಿಕೊಂಡು ನಗುತ್ತಿದ್ದ.

ಮುಂದಿನ ಎರಡು ತಿಂಗಳು ಎಲ್ಮ್‌ಸ್ಟಾದ್‌ಗೆ ಹುಚ್ಚು ಹಿಡಿಯಿತು. ಸಾಲಿನ ಮೇಲೆ ಗಾಜು ಬಂತು, ಗಾಜಿಗೆ ದೀಪ ಬಂತು. ಕರ್ನಾಟಕದಿಂದ ಕಾಲ್ನಡಿಗೆಯಲ್ಲಿ ಬಂದ ಯತಿಯೊಬ್ಬನ ದಾರಿಯನ್ನು ಪ್ರೊಫೆಸರ್ ನಕಾಶೆಯಲ್ಲಿ ಬಿಡಿಸಿದರು, ಪಾಪ, ಚಳಿಗಾಲಕ್ಕೆ ಅವನಿಗೊಂದು ತಂಗುದಾಣವನ್ನೂ ಗುರುತಿಸಿದರು. ಚರ್ಚಿನಲ್ಲಿ ಪಾದ್ರಿ ಶುದ್ಧಿಯ ಬಗ್ಗೆ ಪ್ರವಚನ ಮಾಡಿದರು. ಕೋಟೆಯ ಕೆಫೆಯವರು ಶಾಸನವನ್ನು ಕಾಫಿ ಮಗ್ಗಿನ ಮೇಲೆ ಅಚ್ಚು ಹಾಕಿಸಿ ನನಗೊಂದು ಉಡುಗೊರೆ ಕಳಿಸಿದರು. ಮಾವ ಅದನ್ನು ತಿರುಗಿಸಿ ತಿರುಗಿಸಿ ಓದಿ, "ಒಳ್ಳೇದೇ, ಇದ್ರಲ್ಲೂ ಮಾಡಬಾರದು" ಎಂದರು.

ಜೂನ್‌ನಲ್ಲಿ ಅನಾವರಣ. ಗುನಿಲ್ಲಾ ನನ್ನ ನಾಲ್ಕು ಮಕ್ಕಳನ್ನೂ ಕರೆಸಿದಳು. ಅವಳ ಕೈಯಲ್ಲಿ ತರಗತಿ ಮುಂದುವರಿಸುವ ಫೈಲಿತ್ತು, ಭಾಷಣ ಮುಗಿದ ಮೇಲೆ ಅಲ್ಲೇ ಸಹಿ ಹಾಕುತ್ತೇನೆ ಎಂದಿದ್ದಳು. ಊರಿಗೆ ಊರೇ ಸೇರಿತ್ತು. ಬೇಡವೆಂದರೂ ಕೇಳದೆ ಮಾವ ಕೋಟು ಹಾಕಿಕೊಂಡು ಬಂದು ಮೊದಲ ಸಾಲಿನಲ್ಲೇ ಕೂತಿದ್ದರು. ಮಕ್ಕಳ ಬಗ್ಗೆ ನನಗೆ ಭಯವಿರಲಿಲ್ಲ. ಅವರಿಗೆ ಎಲ್ಲಿ ಓದಲು ಬರುತ್ತದೆ ಎಂಬ ಧೈರ್ಯ. ಒಬ್ಬ ಟೀಚರ್‌ಗೆ ಇದಕ್ಕಿಂತ ನಾಚಿಕೆಗೇಡಿನ ಧೈರ್ಯ ಇನ್ನೊಂದಿಲ್ಲ.

ಪ್ರೊಫೆಸರ್ ಪರದೆ ಎಳೆದರು. ಚಪ್ಪಾಳೆ ನಿಂತಿತು. ಇರಾ ಗಾಜಿನ ಹತ್ತಿರ ಹೋಗಿ ಬೆರಳಿಟ್ಟಳು.

"ಇಲ್ಲಿ," ಎಂದಳು. "ಮೂ... ತ... ಮೂತ್ರ."

ತಡೆಯಲು ಒಂದು ಹೆಜ್ಜೆ ಮುಂದಿಟ್ಟೆ. ಆದರೆ ಅವಳು ಕಿಟಕಿ ನೋಡುತ್ತಿರಲಿಲ್ಲ, ಅಕ್ಷರ ನೋಡುತ್ತಿದ್ದಳು. ನನ್ನ ಕೈ ಮೇಲೇಳಲಿಲ್ಲ.

"ವಿ... ಸ... ರ್ಜ. ವಿಸರ್ಜನೆ. ಮಾಡ... ಬಾರದು." ಬೆರಳು ಕೆಳಗಿಳಿಯಿತು. "ವೆಂ."

"ಅದು ನನ್ನ ಸೈನು ಮಗು," ಎಂದರು ಮಾವ.

ಅವಳು ಸ್ವಲ್ಪ ಯೋಚಿಸಿದಳು. ಆಮೇಲೆ ಜನರತ್ತ ತಿರುಗಿ, ಇಲ್ಲಿ ಉಚ್ಚೆ ಹೊಯ್ಯಬಾರದು ಎಂದು ಶುದ್ಧ ಸ್ವೀಡಿಷಿನಲ್ಲಿ, ಹಿಂದಿನ ಸಾಲಿಗೂ ಕೇಳುವಂತೆ ಹೇಳಿದಳು.

ಯಾರೂ ನಗಲಿಲ್ಲ. ಪ್ರೊಫೆಸರ್ ಒಂದು ಕೈಗವಸು ಬಿಚ್ಚಿ, ಏನು ಮಾಡಬೇಕೆಂದು ತೋಚದೆ ಮತ್ತೆ ಹಾಕಿಕೊಂಡರು. ಗುನಿಲ್ಲಾ ನನ್ನ ಹತ್ತಿರ ಬಂದು ಮೆಲ್ಲಗೆ, "ಮಗು ತಪ್ಪು ಓದಿದೆ, ಅಲ್ಲವಾ?" ಎಂದಳು. ಅವಳ ಪೆನ್ನು ಫೈಲಿನ ಮೇಲೆ ಸಿದ್ಧವಾಗಿತ್ತು. ಹೂಂ ಎಂದರೆ ಸಾಕಿತ್ತು. ಅವಳಿಗೂ ನಾನು ಹೂಂ ಅನ್ನಲಿ ಎಂದೇ ಇತ್ತು, ಮುಖದಲ್ಲಿ ಕಾಣುತ್ತಿತ್ತು.

ಅಷ್ಟರಲ್ಲಿ ಇರಾ ನನ್ನ ಸೆರಗು ಹಿಡಿದೆಳೆದಳು. ಎರಡು ವರ್ಷದಲ್ಲಿ ಮೊದಲ ಸಲ ಕನ್ನಡದಲ್ಲಿ ಕೇಳಿದಳು.

"ಮಿಸ್, ನಾನ್ ಓದಿದ್ದು ತಪ್ಪಾ?"

ಅವಳೆದುರು ಮಂಡಿಯೂರಿ ಕೂತೆ.

"ಇಲ್ಲ ಪುಟ್ಟಾ. ಒಂದಕ್ಷರಾನೂ ತಪ್ಪಿಲ್ಲ," ಎಂದೆ. ಅದನ್ನೇ ಸ್ವೀಡಿಷಿನಲ್ಲೂ ಹೇಳಿದೆ, ಎಲ್ಲರಿಗೂ ಕೇಳಲಿ ಎಂದು.

ಗುನಿಲ್ಲಾ ಪೆನ್ನಿಗೆ ಮುಚ್ಚಳ ಹಾಕಿ ಫೈಲು ಮುಚ್ಚಿದಳು. ಜನ ಒಬ್ಬೊಬ್ಬರಾಗಿ ಎದ್ದು ಕೆಫೆಯ ಕಡೆ ನಡೆದರು. ಇರಾ ಮಾತ್ರ ಗೋಡೆಯ ಹತ್ತಿರ ಹೋಗಿ ಮೊದಲಿನಿಂದ ಇನ್ನೊಮ್ಮೆ ಓದಿದಳು. ಈ ಸಲ ಎಲ್ಲೂ ನಿಲ್ಲಲಿಲ್ಲ.