ಕೊಳವೆಯಲ್ಲಿ ಕುಣಿದ ನೀರು

ಚಟ್ಟಕ್ಕೆ ಬಿದಿರು ಬಿಗಿಯುತ್ತಿದ್ದ ಧರ್ಮಪ್ಪನ ಹೆಗಲು ಕುಲುಕಿತು. ಅಳುತ್ತಿದ್ದಾನೆ ಎಂದುಕೊಂಡಳು ದುರ್ಗಮ್ಮ. ಮೈದುನ ಮುಖ ಎತ್ತಿದರೆ ನಗು.

"ತಪ್ಪು ತಿಳೀಬೇಡಿ ಅತ್ಗೆ. ಅಣ್ಣ ನನ್ನ ಮದ್ವೆ ದಿಬ್ಬಣನ ತೀರ್ಥಹಳ್ಳಿ ಬಸ್ ಹತ್ಸಿದ್ದು ನೆನಪಾಯ್ತು. ಮದ್ವೆ ಇದ್ದದ್ದು ಸಾಗರದಲ್ಲಿ."

ಅಂಗಳದಲ್ಲಿ ಕೂತವರೂ ನಕ್ಕರು. ಹೊಸನಗರದ ಬಸ್ ಸ್ಟ್ಯಾಂಡಿನಲ್ಲಿ ಊರುಗಳ ಹೆಸರು ಕೂಗುತ್ತಲೇ ಬಾಳಿದ ದುರ್ಗಮ್ಮನ ಗಂಡ, ಏಜೆಂಟ್ ಜಟ್ಟಪ್ಪ, ನಿನ್ನೆ ಉಂಡು ಮಲಗಿದವನು ಏಳಲಿಲ್ಲ.

ಸಾಗರದಿಂದ ಡಾಕ್ಟರ್ ವಾಗ್ದೇವಿ ಬಂದರು. ದುರ್ಗಮ್ಮ ಅವರ ಕೈ ಹಿಡಿದುಕೊಂಡಳು.

*

ಸಾವಿರದ ಒಂಬೈನೂರ ಅರವತ್ತಾರರ ಬೇಸಿಗೆಯಲ್ಲಿ ವಾಂತಿಭೇದಿಯಾಗಿ ಸಾಗರದ ಆಸ್ಪತ್ರೆ ಸೇರಿದಾಗ ಜಟ್ಟಪ್ಪನ ಕಣ್ಣು ಗುಳಿಬಿದ್ದಿತ್ತು, ನಾಡಿ ಸಿಗುತ್ತಿರಲಿಲ್ಲ. ಅವನದು ಮೊದಲೇ ದುರ್ಬಲ ಹೃದಯ.

"ಸಲೈನ್ ಕಮ್ಮಿಯಾದ್ರೆ ಜೀವಕ್ಕೆ ಅಪಾಯ. ಹೆಚ್ಚಾದ್ರೆ ಶ್ವಾಸಕೋಶದಲ್ಲಿ ನೀರು ತುಂಬುತ್ತೆ," ಎಂದರು ವಾಗ್ದೇವಿ. ಆಗಷ್ಟೇ ಕಲಿತು ಬಂದಿದ್ದ ಉಪಾಯ ಅವರ ಬಳಿ ಇತ್ತು. ತೋಳಿನ ರಕ್ತನಾಳದೊಳಗೆ ಸಪೂರ ಕೊಳವೆಯೊಂದನ್ನು ಹೃದಯದ ಹತ್ತಿರದವರೆಗೂ ತೂರಿಸಿ, ಅದರ ಹೊರತುದಿಯನ್ನು ಅಡಿಕೋಲಿಗೆ ಕಟ್ಟಿದ ಗಾಜಿನ ಕೊಳವೆಗೆ ಜೋಡಿಸಿದರು. ಅದರಲ್ಲಿದ್ದ ನೀರು ಸರ್ರನೆ ತಳಕ್ಕಿಳಿಯಿತು.

"ನೋಡಿ, ಮೈಯೊಳಗೆ ನೀರು ಸಾಲ್ತಿಲ್ಲ. ಹಾಕ್ತಾ ಹೋಗೋಣ. ಇದು ತೀರಾ ಮೇಲೇರಿದ್ರೆ ನಿಲ್ಸೋಣ."

ದುರ್ಗಮ್ಮ ಅದನ್ನೇ ದಿಟ್ಟಿಸುತ್ತ ಕೂತಳು. ಬಾಟಲಿಗಳು ಬರಿದಾದವು, ನೀರು ಇಷ್ಟಿಷ್ಟೇ ಏರಿತು. ಸಂಜೆ ಅದು ಇದ್ದಕ್ಕಿದ್ದಂತೆ ಮೇಲಕ್ಕೆ ಜಿಗಿಯಿತು.

"ಡಾಕ್ಟ್ರೇ, ಏರ್ತು."

ಓಡಿಬಂದ ವಾಗ್ದೇವಿ ಸಲೈನಿಗೆ ಕೈ ಹಾಕಿ ರೋಗಿಯ ಮುಖ ನೋಡಿದರು. ಜಟ್ಟಪ್ಪನ ಹೊಟ್ಟೆ ಕುಲುಕುತ್ತಿತ್ತು.

"ಹಾಲು ಉಕ್ಕೋದನ್ನ ಕಾಯ್ದಂಗೆ ಕಾಯ್ತಾಳಲ್ಲ, ಡಾಕ್ಟ್ರೇ," ಎಂದು ಪಿಸುಗುಟ್ಟಿ ಮತ್ತೆ ನಕ್ಕ. ನೀರು ಮತ್ತೆ ಕುಣಿಯಿತು.

"ನಗ್ಬೇಡಿ ಮಾರಾಯ್ರೇ, ಅಳತೆ ತಪ್ಪುತ್ತೆ."

ಅವನು ತುಟಿ ಕಚ್ಚಿ ನಗು ತಡೆದ. ನೀರು ಇಳಿದು ಸರಿಯಾದ ಮಟ್ಟದಲ್ಲಿ ನಿಂತಿತು. ಬಾಯಿಗೆ ಸೆರಗು ಒತ್ತಿಕೊಂಡಿದ್ದ ದುರ್ಗಮ್ಮ ಅತ್ತಳೋ ನಕ್ಕಳೋ ಅವಳಿಗೇ ತಿಳಿಯಲಿಲ್ಲ.

*

"ಆವತ್ತು ನೀರು ಜಿಗಿದಾಗ ನಾನೂ ಹೆದರಿದ್ದೆ," ಎಂದರು ವಾಗ್ದೇವಿ. "ಅವರು ನಕ್ಕಿದ್ದು ಅಂತ ಗೊತ್ತಾದ್ಮೇಲೆ ಉಸಿರು ಬಂತು."

"ನಂಗೆ ಮಾತ್ರ ಆಮೇಲೆ ಹಾಲು ಕಾಯ್ಸೋಕೇ ಬಿಡ್ಲಿಲ್ಲ, ಡಾಕ್ಟ್ರೇ. ಹತ್ರ ಬಂದು ನಿಂತು ನಗಿಸೋದು." ದುರ್ಗಮ್ಮ ಕಣ್ಣೊರೆಸಿಕೊಂಡು ನಕ್ಕಳು.

ಧರ್ಮಪ್ಪನೂ ಉಳಿದವರೂ ಚಟ್ಟಕ್ಕೆ ಹೆಗಲು ಕೊಟ್ಟರು. ದುರ್ಗಮ್ಮ ಬೇಲಿಬಾಗಿಲ ದಣಪೆಯವರೆಗೆ ಹೋಗಿ ನಿಂತಳು. ರಸ್ತೆಯಲ್ಲಿ ಹುಂಚಕ್ಕೆ ಹೋಗುವ ಬಸ್ಸು ನಿಂತಿತು. ಡ್ರೈವರ್ ಇಳಿದ, ಕಂಡಕ್ಟರ್ ಇಳಿದ. ಹಿಂದೆಯೇ ಪ್ರಯಾಣಿಕರೆಲ್ಲ ಒಬ್ಬೊಬ್ಬರಾಗಿ ಇಳಿದು ಮೆರವಣಿಗೆಯ ಹಿಂದೆ ನಡೆದರು. ಖಾಲಿ ಬಸ್ಸಿನ ಬಾಗಿಲಲ್ಲಿ ಯಾರದೋ ಕಾಲು ಕಟ್ಟಿದ ಕೋಳಿಯೊಂದು ಕುತ್ತಿಗೆ ಚಾಚಿ, ಅವರೆಲ್ಲ ಹೋದ ದಿಕ್ಕನ್ನೇ ನೋಡುತ್ತಿತ್ತು.