ಮುಚ್ಚಿದರೆ ಏಳದ ಲ್ಯಾಪ್‌ಟಾಪ್

೨೦೦೮ರಲ್ಲಿ ಹಳೇಕೋಟೆ ಪಕ್ಕದ ನಮ್ಮೂರ ಹಾಲಿನ ಡೇರಿಗೆ ಒಂದು ಹಳೇ ಲ್ಯಾಪ್‌ಟಾಪ್ ಬಂತು. ಹಾಸನದ ಕಂಪ್ಯೂಟರ್ ರಿಪೇರಿ ಹುಡುಗ ದಿಲೀಪ ಅದಕ್ಕೆ ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ ಹಾಕಿಕೊಟ್ಟಿದ್ದ. ಯಾರ ಹಾಲು ಎಷ್ಟು, ಫ್ಯಾಟ್ ಎಷ್ಟು ಎಂದು ಸಿಂಧು ಅದರಲ್ಲಿ ಬರೆಯುತ್ತಿದ್ದಳು. ಬೆಳಿಗ್ಗೆ ಸಾಲು ನಿಂತಿರುವಾಗಲೇ ಪರದೆ ಕಪ್ಪಾಗಿ ಕೂರುತ್ತಿತ್ತು. ಯಾವ ಗುಂಡಿ ಒತ್ತಿದರೂ ಏಳುತ್ತಿರಲಿಲ್ಲ. ಹುಡುಗಿಯ ಕೈಗುಣವೇ ಸರಿಯಿಲ್ಲ, ಕೆಲಸದಿಂದ ತೆಗೆಯೋಣ ಎಂದು ಕಾರ್ಯದರ್ಶಿ ರುದ್ರಯ್ಯ ಕಮಿಟಿ ಕರೆದ. ಕಮಿಟಿಯಲ್ಲಿ ನಾನೂ ಒಬ್ಬಳು. ಮೊದಲು ದಿಲೀಪ ನೋಡಲಿ ಎಂದೆ.

ದಿಲೀಪ ಬಂದು ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಓಡಿಸಿದ. ಬ್ಯಾಟರಿ ಸರಿ, ಕರೆಂಟ್ ಸರಿ. ಸುಮ್ಮನೆ ಬಿಟ್ಟು ನೋಡಿದ, ಪರದೆ ಕಪ್ಪಾಗಲಿಲ್ಲ. ಒಂದು ಡ್ರೈವರ್ ತೆಗೆದ, ಇನ್ನೊಂದು ಹಾಕಿದ. ಪರದೆಯನ್ನು ಮಲಗಿಸಿ ಎಬ್ಬಿಸುವ ಪ್ರೋಗ್ರಾಮು ಅದು ಎಂದು ನನಗೆ ಬಿಡಿಸಿ ಹೇಳಿದ. ಕೊನೆಗೆ ಬೇಸತ್ತು ಟೀ ಕುಡಿಯಲು ಎದ್ದ.

ಅವನು ಎದ್ದದ್ದೇ ತಡ, ರುದ್ರಯ್ಯ ಬಂದು ಮುಚ್ಚಳವನ್ನು ಮೆಲ್ಲಗೆ ಮುಚ್ಚಿ, ಬೆರಳು ಕಣ್ಣಿಗೊತ್ತಿಕೊಂಡ. ತೆರೆದ ಪುಸ್ತಕ ಬಿಟ್ಟು ಏಳಬಾರದು ಎಂದು ರಾತ್ರಿ ಶಾಲೆಯಲ್ಲಿ ನಮಗೂ ಕಲಿಸಿದ್ದರು. ಸಿಂಧು ಸ್ಯಾಂಪಲ್ ತರಲು ಎದ್ದಾಗಲೂ ಅವನು ಹೀಗೇ ಮುಚ್ಚುತ್ತಿದ್ದ, ಅವಳು ಬಂದು ತೆರೆಯುತ್ತಿದ್ದಳು. ಅದರಲ್ಲಿ ತಪ್ಪಿದೆಯೆಂದು ಯಾರಿಗೆ ಹೊಳೆಯಬೇಕು?

ದಿಲೀಪ ಬಂದು ತೆರೆದ. ಕಪ್ಪು.

"ಮುಚ್ಚಿದ್ರೆ ಮಲಗ್ತದೆ ಸಾ, ಆಮೇಲೆ ಪರದೆ ಎಬ್ಸೋ ಡ್ರೈವರ್ರು ಏಳಲ್ಲ. ಯಾರು ಮುಚ್ಚಿದ್ದು?"

ರುದ್ರಯ್ಯ ಗೋಡೆ ನೋಡಿದ. "ಆ ಹುಡುಗಿನೇ ಇರ್ಬೇಕು ಕಣಪ್ಪ."

ಸಿಂಧು ಬಾಗಿಲಾಚೆ ಕ್ಯಾನು ತೊಳೆಯುತ್ತಿದ್ದಳು. ಮುಚ್ಚಿದ್ದು ನೀನೇ, ನಾನು ನೋಡಿದೆ ಎಂದೆ. ಅವನು ಕೆಮ್ಮಿದ.

ಮುಚ್ಚಿದರೂ ಮಲಗದಂತೆ ಸೆಟ್ಟಿಂಗ್ ಬದಲಿಸಿ ದಿಲೀಪ ಹೋದ. ಮಾರನೆಯ ಬೆಳಿಗ್ಗೆ ಸಾಲಿನ ಮುಂದೆ ನಿಂತು ರುದ್ರಯ್ಯ ಹೇಳಿದ:

"ಓಗ್ಲಿ, ಈ ಸಲ ಹುಡುಗಿನ ಮಾಫಿ ಮಾಡಿವ್ನಿ."

ಸಿಂಧುವಿನ ಬೆರಳುಗಳು ನಿಂತುಬಿಟ್ಟವು. ನಾನು ಕ್ಯಾನು ಕೆಳಗಿಟ್ಟು, ಕೆಡಿಸಿದ್ದು ಅವನೇ, ತಪ್ಪು ಹೊರಿಸಿದ್ದು ಇವಳ ಮೇಲೆ ಎಂದು ಸಾಲಿಗೆಲ್ಲ ಕೇಳುವಂತೆ ಹೇಳಿದೆ.

"ಅಲ್ಲ ಕಣಮ್ಮಾ, ಸರಸ್ವತಿ ಬಾಯ್ ತಕ್ಕಂಡ್ ಬಿದ್ದಿದ್ರೆ ಮುಚ್ದೆ ಇರಕ್ಕಾಯ್ತದಾ?" ಎಂದ ರುದ್ರಯ್ಯ.

ಸಾಲಿನಲ್ಲಿದ್ದ ಬೆಟ್ಟಮ್ಮ ಮೊದಲು ತಲೆಯಾಡಿಸಿದಳು, ಆಮೇಲೆ ಒಬ್ಬೊಬ್ಬರಾಗಿ ಉಳಿದವರು. ದೊಡ್ಡವರು, ಸಂಸ್ಕಾರವಂತರು ಎಂದರು. ಹುಡುಗಿಯ ಮಾತು ಯಾರೂ ಎತ್ತಲಿಲ್ಲ.

ಥೂ.

ಹಾಲು ಸುರಿದೆ. ರುದ್ರಯ್ಯ ಹಾಲಿನ ಲೆಕ್ಕದ ಚೀಟಿ ಚಾಚಿದ. ನಾನು ಕೈ ಒಡ್ಡಲಿಲ್ಲ. ಸಿಂಧು ಎದ್ದು ಅವನ ಕೈಯಿಂದ ಅದನ್ನು ತೆಗೆದು ನನಗೆ ಕೊಟ್ಟಳು.