ಆಫ್ರೀನಳ ಸಾಮಾನು

ಶುಕ್ರವಾರ ಬಂತೆಂದರೆ ಅಮೀನಬಿ ಬೇರೆ ಯಾವ ಕೆಲಸ ಬಿಟ್ಟರೂ ಒಳಕೋಣೆಯ ಸಾಮಾನು ಒರೆಸುವುದನ್ನು ಬಿಡುವವಳಲ್ಲ. ಅಂದೂ ಬೆಳಿಗ್ಗೆ ಕೋಣೆಯ ಬೀಗ ತೆಗೆದು, ಹಳೆಯ ಲುಂಗಿಯ ತುಂಡೊಂದನ್ನು ಕೈಗೆ ಸುತ್ತಿಕೊಂಡು ಕುಳಿತಳು. ತಾಮ್ರದ ಹಂಡೆ, ಸ್ಟೀಲಿನ ಕೊಳಗಗಳು, ತಪೇಲಿಗಳು, ಒಂದರೊಳಗೊಂದು ಕೂತ ಡಬ್ಬಿಗಳು, ಕನ್ನಡಿಯಿದ್ದ ಕಬ್ಬಿಣದ ಕಪಾಟು, ಮಂಚ, ಮಂಚದ ಮೇಲೆ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಟ್ಟ ಗಾದಿ. ಪಾತ್ರೆಗಳ ಮೇಲೆಲ್ಲ ಚುಕ್ಕಿ ಚುಕ್ಕಿಯಾಗಿ ಕೊರೆದ ಒಂದೇ ಹೆಸರು, ಆಫ್ರೀನ. ಹೆಸರಿನ ಒಡತಿ ಅಡಿಗೆಮನೆಯಲ್ಲಿ ತನ್ನ ಹಾಸಿಗೆ ಸುತ್ತಿಟ್ಟು ರೊಟ್ಟಿ ಬಡಿಯುತ್ತಿದ್ದಳು.

ಹೆಣ್ಣು ಹುಟ್ಟಿದ ವರ್ಷವೇ ಅದರ ಮದುವೆಯ ಸಾಮಾನು ಶುರುವಾಗಬೇಕು ಎಂಬುದು ಅಮೀನಬಿಯ ತವರಿನ ಪದ್ಧತಿ. ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುತ್ತಾರಲ್ಲ, ಇಲ್ಲಿ ಕೂಸು ತೊಟ್ಟಿಲಲ್ಲಿದ್ದಾಗಲೇ ಹಂಡೆ ಬಂದಿತ್ತು. ಹಾಗೆ ಕೂಡಿಟ್ಟ ಪಾತ್ರೆ ಅತ್ತೆಮನೆಯ ಒಲೆಯನ್ನೇ ಮೊದಲು ಕಾಣಬೇಕು, ತವರಿನಲ್ಲಿ ಅದಕ್ಕೆ ನೀರೂ ತುಂಬುವಂತಿಲ್ಲ. ಹೀಗಾಗಿ ಮನೆಯವರೆಲ್ಲ ನೆಗ್ಗಿದ ಅಲ್ಯೂಮಿನಿಯಂ ತಟ್ಟೆಯಲ್ಲಿ ಉಂಡರು. ಗಾದಿ ಹೊಲಿಯುವ ಕಸುಬಿನ ಇಬ್ರಾಹಿಂಸಾಬ ಮಗಳಿಗಾಗಿ ಒಳ್ಳೆಯ ಅರಳೆ ಆರಿಸಿ, ಹಿಂಜಿ, ದಪ್ಪ ಗಾದಿಯೊಂದನ್ನು ಹೊಲಿದಿಟ್ಟ. ಮಗಳು ಮಾತ್ರ ಬುದ್ಧಿ ಬಂದಾಗಿನಿಂದ ಒಲೆಯ ಪಕ್ಕದಲ್ಲಿ ಚಾಪೆ ಹಾಸಿಕೊಂಡೇ ಮಲಗಿದಳು. ಕೋಣೆ ತುಂಬ ಅವಳದೇ ಸಾಮಾನು ಇದ್ದುದರಿಂದ ಅವಳಿಗೆ ಅಲ್ಲಿ ಜಾಗವಿರಲಿಲ್ಲ.

ಗಂಡುಗಳು ಬರಲಿಲ್ಲವೆಂದಲ್ಲ. ಬದಾಮಿಯ ಕಡೆಯವರು ಬಂದು ಸಾಮಾನು ನೋಡಿ ಒಪ್ಪಿ, ಮೇಲೊಂದು ಮೋಟಾರ್ ಸೈಕಲ್ ಕೇಳಿದರು. ಇಬ್ರಾಹಿಂಸಾಬ ಸ್ವಲ್ಪ ದಿನ ತಡೆಯಿರಿ ಎಂದ, ಅವರು ತಡೆಯಲಿಲ್ಲ. ಇನ್ನೊಬ್ಬರಿಗೆ ಕಪಾಟಿಗೆ ಕನ್ನಡಿ ಇಲ್ಲವೆಂಬುದೇ ದೊಡ್ಡ ಕೊರತೆಯಾಗಿ ಕಂಡಿತು. ಆ ವರ್ಷವೇ ಆಫ್ರೀನಳಿಗೆ ಪಿಯುಸಿ ಮುಗಿದು ಬಾಗಲಕೋಟೆಯಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು. ಫೀ ಕಟ್ಟಬೇಕೋ, ಕನ್ನಡಿಯ ಕಪಾಟು ತರಬೇಕೋ ಎಂದಾಗ ಅಮೀನಬಿ ಹಟ ಹಿಡಿದು ಕಪಾಟನ್ನೇ ತರಿಸಿದಳು. ಮಗಳು ಒಂದು ಸಂಜೆ ಅತ್ತು, ಮರುದಿನದಿಂದ ಹೊಲಿಗೆ ಕಲಿಯಲು ಹೋದಳು. ಆಮೇಲೆ ಬಂದವರೆಲ್ಲ ಹುಡುಗಿಗೆ ವಯಸ್ಸಾಯಿತು ಎಂದರು. ಕೈಗೆ ಬಂದ ತುತ್ತು ಬಾಯಿಗೆ ಬಾರದೆ ವರ್ಷಗಳು ಕಳೆದವು, ಇಬ್ರಾಹಿಂಸಾಬನೂ ತೀರಿಕೊಂಡ. ಆಫ್ರೀನಳ ಕಿವಿಯ ಮೇಲೆ ಈಗ ಬಿಳಿ ಕೂದಲು ಎದ್ದು ಕಾಣುತ್ತಿತ್ತು.

ಈಗ ಹುನಗುಂದದ ಈ ಬಾಡಿಗೆ ಮನೆಯೂ ಹೋಗುತ್ತಿತ್ತು. ಮಾಲೀಕರು ಅದನ್ನು ಕೆಡವಿ ಅಂಗಡಿ ಸಾಲು ಕಟ್ಟಿಸುವವರಿದ್ದರು. ಆಫ್ರೀನ ದಿನವೂ ಬಸ್ಸಿನಲ್ಲಿ ಬಾಗಲಕೋಟೆಯ ವಿದ್ಯಾಗಿರಿಗೆ ಹೋಗಿ ಬಟ್ಟೆ ಅಂಗಡಿಯೊಂದರಲ್ಲಿ ಹೊಲಿಯುತ್ತಿದ್ದಳು, ಅಂಗಡಿಯ ಹಿಂದಿನ ಓಣಿಯಲ್ಲೇ ಎರಡು ಕೋಣೆಯ ಮನೆ ನೋಡಿದ್ದಳು. ಒಂದರಲ್ಲಿ ಒಲೆ, ಇನ್ನೊಂದರಲ್ಲಿ ಇಬ್ಬರು ಹಾಸಿಕೊಂಡರೆ ಬಾಗಿಲು ತೆರೆಯಲು ಅಷ್ಟಿಷ್ಟು ಜಾಗ.

"ಅವ್ವಾ, ಐತವಾರ ಮೋಡ್ಕಾ ಅಂಗಡಿ ಮಲೀಕಸಾಬ ಬರ್ತಾನ," ಎಂದಳು ಆಫ್ರೀನ, ರೊಟ್ಟಿ ತಿರುವುತ್ತ. "ಹಳೀ ಸಾಮಾನು ತೂಕಕ್ಕ ತಗೊಳ್ಳಾಂವ. ಕೋಣಿ ಸಾಮಾನು ಎಲ್ಲಾ ಒಯ್ಯಲಿಕ್ಕೆ ಹೇಳೇನಿ."

ಅಮೀನಬಿಯ ಕೈ ನಿಂತಿತು. "ಮೋಡ್ಕಾಕ್ಕ? ನಿನ್ನ ಮದುವಿ ಸಾಮಾನು ತೂಕಕ್ಕ ಹಾಕ್ತೀಯೇನು? ನಿಮ್ಮಪ್ಪ ಹೊಲಿದ ಗಾದಿ ಐತಿ ಇದರಾಗ."

"ಆ ಗಾದಿ ಮುಟ್ಟಿ ನೋಡೀಯೇನು? ಅರಳಿ ಎಲ್ಲಾ ಗಂಟುಗಂಟಾಗೇತಿ. ಯಾರೂ ಮಲಗಲಿಲ್ಲ, ಯಾರೂ ಬಿಸಲಿಗೆ ಹಾಕಲಿಲ್ಲ."

"ಹೊಸಾ ಮನ್ಯಾಗ ಹೆಂಗರ ಹೊಂದಸ್ತೇನಿ. ಒಂದರ ಮ್ಯಾಲ ಒಂದು ಇಟ್ರ ಹಿಡೀತಾವ."

"ಹಿಡೀತಾವ. ನಾ ಹಿಡ್ಯಂಗಿಲ್ಲ." ಆಫ್ರೀನ ಹಂಚಿನ ಮೇಲಿನ ರೊಟ್ಟಿ ತೆಗೆದಿಟ್ಟು ತಾಯಿಯ ಕಡೆ ತಿರುಗಿದಳು. "ಸಣ್ಣಾಕಿದ್ದಾಗಿಂದ ಒಲಿ ಮುಂದ ಮಲಗೇನಿ ಅವ್ವಾ. ಇನ್ನ ಆಗಂಗಿಲ್ಲ. ಸಾಮಾನು ಬರೋದಾದ್ರ ನೀನೂ ಅವೂ ಇರ್ರಿ. ನಾ ಅಂಗಡಿ ಹುಡಿಗ್ಯಾರ ಜೋಡಿ ರೂಮಿನಾಗ ಇರ್ತೇನಿ."

"ನಾಳೆ ಯಾರರ ಬಂದ್ರ? ಹೆಂಡತಿ ತೀರಿದಾವ್ರು, ವಯಸ್ಸಾದಾವ್ರು ಇರ್ತಾರ. ಬರಿಗೈಲೆ ಕಳಸಲೇನು ನಿನ್ನ?"

"ಯಾರು ಬರ್ತಾರ?" ಎಂದು ಕೇಳಿ ಆಫ್ರೀನ ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸಿಗೆ ನಡೆದಳು.

ಅಮೀನಬಿ ಒರೆಸುವ ಬಟ್ಟೆ ಕೈಯಲ್ಲೇ ಇಟ್ಟುಕೊಂಡು ಲೆಕ್ಕ ಹಾಕಿದಳು. ಸಾಮಾನು ಮೋಡ್ಕಾಕ್ಕೆ ಹೋಯಿತೆಂದರೆ ಮಗಳ ಮದುವೆಯ ಮಾತು ಮುಗಿಯಿತೆಂದು ತಾನೇ ಊರಿಗೆ ಸಾರಿದಂತೆ. ಸಾಮಾನು ಬಿಡದಿದ್ದರೆ ಮಗಳೇ ಹೋಗುತ್ತಾಳೆ, ಅವಳು ಸುಮ್ಮನೆ ಹೆದರಿಸುವವಳಲ್ಲ. ಆಗ ಅವಳಿಗೆ ಇಳಕಲ್ಲಿನಲ್ಲಿದ್ದ ತಂಗಿ ಲಾಡಬಿಯ ನೆನಪಾಯಿತು. ಲಾಡಬಿಯ ಮೊಮ್ಮಗಳು ಮುಬಶೀರಾಳಿಗೆ ಗಂಡು ಗೊತ್ತಾಗಿತ್ತು, ಸಾಮಾನು ಇನ್ನೂ ಆಗಿರಲಿಲ್ಲ. ಮನೆಯ ಪಾತ್ರೆ ಮನೆಯ ಹುಡುಗಿಯ ಜೊತೆಗಾದರೂ ಅತ್ತೆಮನೆಯ ಒಲೆ ಕಾಣಲಿ ಎನ್ನಿಸಿ ಅಮೀನಬಿ ಫೋನ್ ಹಚ್ಚಿದಳು. ಲಾಡಬಿ ಖುಷಿಯಿಂದ ಅತ್ತೇಬಿಟ್ಟಳು.

"ಸಾಮಾನು ಲಾಡಬಿ ಮನಿಗೆ ಹೋಗ್ತೈತಿ," ಎಂದು ಸಂಜೆ ತಾಯಿ ಹೇಳಿದಾಗ ಆಫ್ರೀನ ಯಾಕೆಂದು ಕೇಳಲಿಲ್ಲ. ಸಾಮಾನು ಮನೆ ಬಿಟ್ಟು ಹೋದರೆ ಸಾಕಾಗಿತ್ತು ಅವಳಿಗೆ.

ಶನಿವಾರ ಬಾಡಿಗೆ ಟೆಂಪೋದಲ್ಲಿ ಸಾಮಾನು ಇಳಕಲ್ಲಿಗೆ ಬಂತು. ಲಾಡಬಿಯ ಮಗ ಅರ್ಷದ ಪವರ್‌ಲೂಮಿನ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಕಾಯುತ್ತಿದ್ದ. ಹೆಂಡತಿ ಸತ್ತ ಮೇಲೆ ಮಗಳು ಮುಬಶೀರಾಳನ್ನು ತಾಯಿಯ ಮಡಿಲಿಗೆ ಹಾಕಿ ಹಗಲಿರುಳು ಮಗ್ಗದ ಸದ್ದಿನಲ್ಲಿ ಕಿವಿ ಮಂದ ಮಾಡಿಕೊಂಡವನು. ಹಂಡೆಯನ್ನು ತಾನೇ ಅಪ್ಪಿ ಇಳಿಸಿ, "ದೊಡವ್ವಾ, ನಿನ್ನ ಉಪಕಾರ ಮರ್ಯಂಗಿಲ್ಲ," ಎಂದು ಗಟ್ಟಿಯಾಗಿ ಹೇಳಿದ.

ಲಾಡಬಿ ತಪೇಲಿಯೊಂದನ್ನು ಬೆಳಕಿಗೆ ಹಿಡಿದಳು. "ಅಕ್ಕಾ, ಸಿಟ್ಟಾಗಬ್ಯಾಡ. ಈ ಹೆಸರು ತೆಗಸಬೇಕು. ಮದುವಿ ಆಗದ ಹುಡಿಗಿ ಹೆಸರಿನ ಭಾಂಡೆ ಕಳಿಸಿದ್ರ ಬೀಗರು ಏನಂತಾರ? ಒಳ್ಳೇದಲ್ಲ ಅಂತಾರ."

ಕೊಟ್ಟ ಮೇಲೆ ತನ್ನದೇನು ಎಂದು ಅಮೀನಬಿ ಆ ಮಾತು ನುಂಗಿಕೊಂಡಳು. ಬೀಗರ ಕಣ್ಣಿಗೆ ಮೊದಲು ಬೀಳುವ ಪಾತ್ರೆಗಳನ್ನಷ್ಟೇ ಚೀಲಕ್ಕೆ ತುಂಬಿಕೊಂಡು ಮುಬಶೀರಾಳ ಜೊತೆ ಪೇಟೆಗೆ ಹೊರಟಳು. ಹುಡುಗಿ ಪಿಯುಸಿ ಮೊದಲ ವರ್ಷದಲ್ಲಿದ್ದಳು. ದಾರಿಯುದ್ದಕ್ಕೂ ಚೀಲ ಎತ್ತಿಕೊಂಡು ತಲೆ ತಗ್ಗಿಸಿ ನಡೆದಳು.

ಭಾಂಡೆ ಅಂಗಡಿಯ ಕಟ್ಟೆಯ ಮೇಲೆ ಯಮನೂರಪ್ಪ ಹೆಸರು ಕೊರೆಯುವ ಮಷೀನು ಇಟ್ಟುಕೊಂಡು ಕುಳಿತಿದ್ದ. ತಪೇಲಿ ತಿರುಗಿಸಿ ನೋಡಿ, "ಹಳೀ ಹೆಸರು ಉಜ್ಜಿ ತೆಗದ್ರ ಗುರುತು ಉಳೀತೈತ್ರಿ. ಅದರ ಮ್ಯಾಲೇ ಹೊಸಾದು ಕೊರ್ದು ಮುಚ್ಚತೇನಿ," ಎಂದ. ಮಷೀನು ಚಾಲೂ ಮಾಡಿ ಕೇಳಿದ, "ಏನವ್ವಾ, ಯಾವ ಹೆಸರು?"

ಹುಡುಗಿ ನೆಲ ನೋಡುತ್ತ ನಿಂತಳು.

"ಹೇಳವಾ, ನಾಚಿಕಿ ಏನು ಅದರಾಗ?" ಎಂದು ಅಮೀನಬಿ ನಕ್ಕಳು.

ಮುಬಶೀರಾ ಚೀಲದ ಕಡೆ ನೋಡುತ್ತ ಮೆಲ್ಲಗೆ ಹೇಳಿದಳು. "ಸಾಮಾನು ಆಗಿಲ್ಲಂತ ಇಷ್ಟು ದಿನಾ ಕಾಲೇಜಿಗೆ ಹೋಗ್ತಿದ್ದೆ ದೊಡ್ಡಾಯಿ. ಹುಡುಗನ ಮನಿಯವ್ರು ಕಾಲೇಜು ಬ್ಯಾಡ ಅಂದಾರ. ಸಾಮಾನು ಕೂಡಲಿಕ್ಕೆ ಇನ್ನೂ ಎರಡು ವರ್ಷ ಬೇಕು, ಅಷ್ಟರಾಗ ನಂದು ಪಿಯುಸಿ ಮುಗೀತೈತಿ ಅಂತ ನಾ ಲೆಕ್ಕಾ ಹಾಕಿದ್ದೆ." ಸ್ವಲ್ಪ ತಡೆದು, "ಈಗ ನೀ ತಂದಿ," ಎಂದಳು.

ಅದರಲ್ಲಿ ದೂರಿನ ದನಿಯೂ ಇರಲಿಲ್ಲ. ಇದ್ದಿದ್ದರೆ ಅಮೀನಬಿ ಗದರಿಸಿ ಸುಮ್ಮನಾಗಿಸುತ್ತಿದ್ದಳು. ಕಪಾಟು ಬಂದ ದಿನ ಆಫ್ರೀನಳೂ ಹೀಗೇ ನೆಲ ನೋಡುತ್ತ ನಿಂತಿದ್ದಳು, ಅದನ್ನು ಮಗಳ ನಾಚಿಕೆ ಎಂದುಕೊಂಡು ತಾನು ಓಣಿಗೆಲ್ಲ ಹೇಳಿಕೊಂಡು ತಿರುಗಿದ್ದು ಅಮೀನಬಿಗೆ ಈಗ ನೆನಪಿಗೆ ಬಂತು. ತಪೇಲಿಯನ್ನು ಮಷೀನಿನ ಕೆಳಗಿನಿಂದ ಎಳೆದುಕೊಂಡಳು.

"ಬಂದ್ ಮಾಡ್ರಿ ಮಷೀನು," ಎಂದಳು ಯಮನೂರಪ್ಪನಿಗೆ.

ಮನೆಗೆ ಬಂದು, ಹುಡುಗಿಯ ಓದು ನಿಲ್ಲುತ್ತದೆ, ಸಾಮಾನು ಕೊಡುವುದಿಲ್ಲ ಎಂದಾಗ ಲಾಡಬಿ ಮೊದಲು ನಂಬಲಿಲ್ಲ, ನಂಬಿದ ಮೇಲೆ ಬಾಯಿಗೆ ಬಂದಂತೆ ಅಂದಳು. ಅರ್ಷದ ಕೂಗಾಡಲಿಲ್ಲ. ಬಾಗಿಲ ಮೆಟ್ಟಿಲ ಮೇಲೆ ಕುಸಿದು ಕುಳಿತ.

"ದೊಡವ್ವಾ, ನನ್ನ ಮಗಳ ಮ್ಯಾಲ ನನಗ ಸಿಟ್ಟೇನಿಲ್ಲ. ನಾ ರಾತ್ರಿ ಪಾಳಿಗೆ ಹೋದ್ರ ಮನ್ಯಾಗ ಮುದುಕಿ, ಹುಡಿಗಿ ಇಬ್ಬರಽ. ಓಣ್ಯಾಗ ಯಾರರ ಒಂದು ಮಾತು ಅಂದ್ರ ಮುಗೀತು. ಚಲೋ ಮನಿತನ ಸಿಕ್ಕೇತಿ, ರೊಕ್ಕ ಕೇಳವಲ್ರು, ಸಾಮಾನು ಅಷ್ಟಽ ಸಾಕಂದಾರ. ಬಿಟ್ರ ಮತ್ತ ಸಿಗ್ತೈತೇನು? ಓದಿಸಿ ಮನ್ಯಾಗ ಕುಂದ್ರಸಲೇನು?"

"ಪಿಯುಸಿ ಒಂದು ಮುಗಸಲಿ ಅರ್ಷದ. ಆಮ್ಯಾಲ ನೋಡೂಣು."

"ಹೂಂ, ನಿನ್ನ ಮಗಳಂಗ ಆಗ್ಲಿ ಅಂತೀ!" ಎಂದಳು ಲಾಡಬಿ. "ನಿನಗ ಆಗಲಿಲ್ಲ, ನಮಗೂ ಆಗಬಾರದು. ಹೊಟ್ಟಿಕಿಚ್ಚು."

ಅಮೀನಬಿ ತಂಗಿಯನ್ನು ನೋಡಿದಳು. "ನನ್ನ ಮಗಳು ಓದಿ ಕುಂತಿಲ್ಲ ಲಾಡಬಿ. ಸಾಮಾನು ಇದ್ದೂ ಕುಂತಾಳ."

ಟೆಂಪೋದವನು ಗೊಣಗುತ್ತಲೇ ಮತ್ತೆ ಎಲ್ಲವನ್ನೂ ಏರಿಸಿದ. ಬೀಳ್ಕೊಡಲು ಲಾಡಬಿ ಹೊರಗೆ ಬರಲಿಲ್ಲ. ಆ ಮನೆಯ ನೀರಿನ ಋಣ ಇಲ್ಲಿಗೆ ತೀರಿತೆಂದು ಅಮೀನಬಿಗೆ ತಿಳಿದುಹೋಯಿತು.

ಹುನಗುಂದದ ಮೋಡ್ಕಾ ಅಂಗಡಿಯ ಮುಂದೆ ಟೆಂಪೋ ನಿಂತಾಗ ಮಲೀಕಸಾಬ ಕಣ್ಣರಳಿಸಿದ. "ಇವೆಲ್ಲಾ ಬಳಸದ ಕೋರಾ ಅದಾವಲ್ಲ ಅಮ್ಮಾ! ಇವನ್ನ ತೂಕಕ್ಕ ಯಾಕ ಹಾಕ್ಲಿ? ಹಿಂಗಽ ಇಟ್ರ ಯಾರರ ಬಡವ್ರು ಮಗಳ ಮದುವಿಗೆ ಒಯ್ತಾರ. ಅವ್ರಿಗೂ ಚಲೋ, ನಿಮಗೂ ನಾಕು ಕಾಸು ಹೆಚ್ಚು."

ನಾಳೆ ಅರ್ಷದನೇ ಬಂದು ಕೊಂಡರೂ ಕೊಂಡಾನು. ಅವನಲ್ಲದಿದ್ದರೆ ಇನ್ನೊಬ್ಬ ಅರ್ಷದ.

"ಅದಕ್ಕಽ ಹೇಳ್ತೇನಿ. ಒಡದು ಹಾಕ್ರಿ," ಎಂದಳು ಅಮೀನಬಿ. "ನನ್ನ ಮುಂದಽ ಒಡೀರಿ."

ಮಲೀಕಸಾಬ ಅವಳ ಮುಖವನ್ನೊಮ್ಮೆ ನೋಡಿ ಸುತ್ತಿಗೆ ತಂದ. ಮೊದಲ ತಪೇಲಿ ಚಪ್ಪಟೆಯಾದಾಗ ಅಮೀನಬಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಹಂಡೆ ಬೇಗ ಮಣಿಯಲಿಲ್ಲ, ಅದಕ್ಕೆ ಬಹಳ ಪೆಟ್ಟು ಬೇಕಾದವು. ಕಪಾಟಿನ ಕನ್ನಡಿ ಒಡೆದಾಗ ದಾರಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ಗಾದಿಯನ್ನು ಮಾತ್ರ ಬಿಚ್ಚಿಸಿ, ಗಂಟು ಕಟ್ಟಿದ ಅರಳೆಯನ್ನು ಅಲ್ಲೇ ಯಾರಿಗೋ ಕೊಟ್ಟಳು. ಮೂವತ್ತು ವರ್ಷ ಕೂಡಿಸಿದ್ದು ಸಂಜೆಯ ಅಜಾನ್ ಆಗುವಷ್ಟರಲ್ಲಿ ಒಂದು ಮೂಲೆಯ ರಾಶಿಯಾಯಿತು. ಮನಸ್ಸು ಹಗುರವಾಯಿತೆಂದು ಹೇಳಲು ಬರುವಂತಿಲ್ಲ. ಅವಳಿಗೆ ಯಾರನ್ನೋ ಮಣ್ಣು ಮಾಡಿ ಬಂದಂತಾಗಿತ್ತು.

ವಿದ್ಯಾಗಿರಿಯ ಮನೆಗೆ ಬಂದು ತಿಂಗಳೂ ಆಗಿರಲಿಲ್ಲ, ಇಳಕಲ್ಲಿನ ಸುದ್ದಿ ಬಂತು. ತಂದದ್ದು ಮುಬಶೀರಾಳೇ. ಯಾರದೋ ಫೋನಿನಿಂದ ಮಾತಾಡಿದಳು. ಅರ್ಷದ ಕಂತಿನ ಮೇಲೆ ಹೊಸ ಸಾಮಾನು ತೆಗೆದುಕೊಂಡು ಬಂದಿದ್ದ. ಮೊದಲ ವರ್ಷದ ಪರೀಕ್ಷೆಗೆ ಕೂಡ್ರಿಸುತ್ತಾರೆ, ಅದು ಮುಗಿದ ಮೇಲೆ ನಿಶ್ಚಯ, ಕಾಲೇಜು ಅಲ್ಲಿಗೇ ನಿಲ್ಲುತ್ತದೆ. "ಪರೀಕ್ಷಾಕ್ಕರ ಬಿಟ್ರು ದೊಡ್ಡಾಯಿ," ಎಂದು ಹುಡುಗಿ ಇವಳನ್ನೇ ಸಮಾಧಾನ ಮಾಡಿ ಫೋನ್ ಇಟ್ಟಳು.

ಅಮೀನಬಿ ಆವರೆಗೆ ಮುಚ್ಚಿಟ್ಟಿದ್ದನ್ನೆಲ್ಲ ಅಂದು ಮಗಳಿಗೆ ಹೇಳಿದಳು. ಇಳಕಲ್ಲಿಗೆ ಸಾಮಾನು ಯಾಕೆ ಹೋಯಿತು, ಯಾಕೆ ತಿರುಗಿ ಬಂತು, ಮಲೀಕಸಾಬನ ಅಂಗಡಿಯಲ್ಲಿ ಏನಾಯಿತು, ಎಲ್ಲ. ಆಫ್ರೀನ ಹೊಲಿಗೆ ಮಷೀನಿನ ಮುಂದೆ ಕುಳಿತು ಯಾರದೋ ರವಿಕೆಯ ತೋಳು ಬಿಚ್ಚುತ್ತಿದ್ದಳು. ದಾರವನ್ನೆಲ್ಲ ಎಳೆದು ತೆಗೆದ ಮೇಲೆ ತಲೆ ಎತ್ತಿದಳು. ಕಣ್ಣಲ್ಲಿ ಸಿಟ್ಟಿರಲಿಲ್ಲ.

"ಮಂದಿ ಮಗಳ ಸಲುವಾಗಿ ತಂಗೀನ್ನ ಬಿಟ್ಟಿ, ಸಾಮಾನು ಒಡಸಿದಿ. ಚಲೋ ಮಾಡ್ದಿ ಅವ್ವಾ," ಎಂದಳು. "ನನ್ನ ಪಾಳಿ ಬಂದಾಗ ಯಾಕ ಮಾಡ್ಲಿಲ್ಲ?"

ಕಾಲ ಹಾಗಿತ್ತು, ನಿಮ್ಮಪ್ಪ ಒಪ್ಪುತ್ತಿರಲಿಲ್ಲ, ಜನ ಏನೆನ್ನುತ್ತಿದ್ದರು, ಎಷ್ಟೋ ಮಾತು ಅಮೀನಬಿಯ ನಾಲಿಗೆಯ ತುದಿಗೆ ಬಂದವು. ಒಂದೂ ಖರೆ ಅಲ್ಲ. ಇಬ್ರಾಹಿಂಸಾಬ ಫೀ ಕಟ್ಟೋಣವೆಂದೇ ಅಂದಿದ್ದ.

"ನನಗ ತಿಳೀಲಿಲ್ಲವ್ವಾ," ಎಂದಳು.

"ಹೂಂ," ಎಂದಳು ಆಫ್ರೀನ. ಗಿರಾಕಿ ಸಂಜೆಗೆ ಬರುವವಳಿದ್ದಳು. ಮಗಳು ತೋಳನ್ನು ಮತ್ತೆ ಸೂಜಿಯ ಕೆಳಗೆ ಇಟ್ಟು ಮಷೀನು ತುಳಿಯತೊಡಗಿದಳು.